ಬೇಸಿಗೆಯಲ್ಲಿ ಮಡಕೆ ಯಾಕೆ ಬೆವರುತ್ತದೆ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಸೂರ್ಯನಿಗೆ ಆಗಿನ್ನೂ ಹರೆಯ, ತನ್ನ ಕಾವು ಎಷ್ಟೆಂದು ಅವನಿಗೇ ಗೊತ್ತಿರಲಿಲ್ಲ. ಆಗ ಕೆರೆ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ಮಣ್ಣೂ ಮಾತಾಡುತ್ತಿತ್ತು. ಈಗಲೂ ಮಾತಾಡುತ್ತವೆ ಅನ್ನಿ, ಕೇಳೋ ಪುರುಸೊತ್ತು ನಮಗೆಲ್ಲಿದೆ?

ಆ ಕಾಲದಲ್ಲಿ ತಿಪ್ಪವ್ವ ಅಂತ ಒಬ್ಬ ಕುಂಬಾರಜ್ಜಿ ಇದ್ದಳು. ಊರ ಕೆರೆಯವ್ವ ಅವಳ ಗೆಳತಿ. ಕೆರೆಯವ್ವನ ಮಡಿಲಲ್ಲಿ ಒಬ್ಬಳೇ ಮಗಳು, ಜೇಡಿಮಣ್ಣು. ಅವ್ವನ ಮಡಿಲು ಬಿಟ್ಟು ಎಂದೂ ಎದ್ದವಳೇ ಅಲ್ಲ.

ಒಂದು ಬೇಸಿಗೆ ಸೂರ್ಯ ಕೆರೆಯವ್ವನನ್ನು ಗುಟುಕು ಗುಟುಕಾಗಿ ಕುಡಿದುಬಿಟ್ಟ. ಆವಿಯಾಗಿ ಮೇಲೇಳುತ್ತಾ ಅವಳು, ಮಳೆಗಾಲಕ್ಕೆ ವಾಪಸು ಬರುತ್ತೇನೆ, ಅಲ್ಲಿಯವರೆಗೆ ಮಗಳನ್ನು ನೋಡಿಕೋ ಎಂದು ತಿಪ್ಪವ್ವನಿಗೆ ಹೇಳಿ ಹೋದಳು.

ತಿಪ್ಪವ್ವ ಮಣ್ಣನ್ನು ಮನೆಗೆ ತಂದು, ತುಳಿದು, ತಟ್ಟಿ, ಸುಟ್ಟು ಚೆಂದದ ಮಡಕೆ ಮಾಡಿದಳು. ಬಾವಿ ನೀರು ತುಂಬಿ ಮರಳ ಮೇಲೆ ಕೂರಿಸಿದಳು. ಬೆಳಗ್ಗೆ ನೋಡಿದರೆ ಮಡಕೆಯ ಮೈಯೆಲ್ಲ ಒದ್ದೆ! ಅಲ್ಲಿಯವರೆಗೆ ಹೊಲದ ಮಣ್ಣಲ್ಲಿ ಮಾಡಿದ ಯಾವ ಮಡಕೆಯೂ ಹಾಗೆ ಒದ್ದೆಯಾದದ್ದಿಲ್ಲ. ಕುಂಬಾರಜ್ಜಿಯ ಮಡಕೆಯೇ ಸೋರಿದರೆ ಊರವರು ನಗುವುದಿಲ್ಲವೇ? ಮುದುಕಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಹರಳೆಣ್ಣೆ ತಂದು ಮಡಕೆಯ ಮೈಗೆಲ್ಲ ತಿಕ್ಕಿದಳು. ಒದ್ದೆಯಾಗುವುದು ನಿಂತಿತು. ಆದರೆ ಒಳಗಿನ ನೀರು ಬಚ್ಚಲ ಹಂಡೆಯ ನೀರಿನ ಹಾಗೆ ಬಿಸಿಯಾಯಿತು.

ಅದೇ ದಿನ ಅವಳ ಮೊಮ್ಮಗಳು ಚೆನ್ನಿಗೆ ಬಿಸಿಲು ಬಡಿಯಿತು. ಮಗು ಕೆಂಡದ ಹಾಗೆ ಸುಡುತ್ತಿತ್ತು. ನೀರು ಕುಡಿಸಿದರೆ ಬಿಸಿ ಎಂದು ಉಗುಳಿತು. ಮಧ್ಯಾಹ್ನದ ಹೊತ್ತಿಗೆ ತುಟಿ ಒಣಗಿ, ಕಣ್ಣು ಬಿಡುವುದನ್ನೂ ಬಿಟ್ಟಿತು. ತಿಪ್ಪವ್ವನಿಗೆ ಜೀವವೇ ಬಾಯಿಗೆ ಬಂತು. ಎಲ್ಲಾ ಈ ದರಿದ್ರ ಮಡಕೆಯಿಂದಲೇ ಎಂದು ಒನಕೆ ಎತ್ತಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!

ಆಗ ಮಡಕೆ ಮೆಲ್ಲಗೆ ಅಂದಿತು: "ಅಜ್ಜೀ, ನಾನು ಸೋರಲಿಲ್ಲ. ಅವ್ವ ನೆನಪಾದಳು, ಅತ್ತುಬಿಟ್ಟೆ. ನೀನು ಎಣ್ಣೆ ಬಳಿದು ನನ್ನ ಅಳು ಕಟ್ಟಿಬಿಟ್ಟೆ. ಅಳು ನುಂಗಿಕೊಂಡರೆ ಹೊಟ್ಟೆ ಸುಡುತ್ತದೆ ಅಜ್ಜೀ."

ತಿಪ್ಪವ್ವನ ಕೈಯಿಂದ ಒನಕೆ ಜಾರಿತು. ಅವಳಿಗೂ ಒಬ್ಬಳು ಅವ್ವ ಇದ್ದಳಲ್ಲ. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕುತ್ತಿದ್ದ ಅವ್ವ. ಎಷ್ಟು ವರ್ಷಗಳಿಂದ ಅವಳಿಗಾಗಿ ಅತ್ತಿರಲಿಲ್ಲ ಈ ಮುದುಕಿ!

ಬೂದಿ ಹಾಕಿ, ಸೀಗೆಪುಡಿ ಹಾಕಿ ಮಡಕೆಯ ಜಿಡ್ಡೆಲ್ಲ ತೊಳೆದಳು. "ಅಳು ಮಗಳೇ," ಅಂದಳು, "ಅವ್ವನ್ನ ನೆನೆದು ಅಳೋದಕ್ಕೆ ಯಾರ ಅಪ್ಪಣೆ ಬೇಕು?" ಹೇಳುತ್ತಾ ತಾನೂ ಅತ್ತಳು.

ಮಡಕೆ ಮೈತುಂಬ ಅತ್ತಿತು. ದಾರಿಯಲ್ಲಿ ಹೋಗುತ್ತಿದ್ದ ಗಾಳಿ ಒಳಗೆ ಬಂದು ಅದರ ಕಣ್ಣೀರು ಒರೆಸಿತು. ಒರೆಸಿದಷ್ಟೂ ಮಡಕೆಯ ಹೊಟ್ಟೆ ತಣ್ಣಗಾಯಿತು, ನೀರೂ ತಣ್ಣಗಾಯಿತು. ಸಂಜೆಗೆ ಚೆನ್ನಿ ಒಂದು ಲೋಟ ಗಟಗಟ ಕುಡಿದು, "ಅಜ್ಜೀ, ಇನ್ನೂ ಬೇಕು" ಅಂದಳು.

ಅದಕ್ಕೇ ನೋಡಿ, ಬಿಸಿಲು ಏರಿದಷ್ಟೂ ಅಡುಗೆಮನೆಯ ಮಡಕೆ ಬೆವರುತ್ತದೆ, ನೀರು ತಂಪಾಗುತ್ತದೆ. ಮಳೆಗಾಲದಲ್ಲಿ ಕೈಯಿಟ್ಟು ನೋಡಿ, ಅಷ್ಟು ತಂಪಿರುವುದಿಲ್ಲ. ಕೆರೆ ತುಂಬಿರುತ್ತದೆ, ಅವ್ವ ಮನೆಗೆ ಬಂದಿರುತ್ತಾಳೆ.