ಹಿಂದೆ ಸರಿಯುವ ಪೆಟ್ಟು

“ಗುರುಗಳೇ, ರಣರಂಗದಿಂದ ಹಿಂದೆ ಸರಿದು ಬಂದವನನ್ನು ಸೈನಿಕ ಎನ್ನಬಹುದೇ?”

ಗರಡಿಯಲ್ಲಿ ಕತ್ತಿವರಸೆ ಕಲಿಯುತ್ತಿದ್ದ ಹಾಲಪ್ಪ ಹೀಗೆ ಕೇಳಿದ. ಅವನ ಅಣ್ಣನ ದಂಡು ಗಡಿಯಲ್ಲಿ ಸೋತು ಮರಳಿತ್ತು. ನಾಚಿಕೆಯಿಂದ ಹಾಲಪ್ಪ ಅಣ್ಣನ ಜೊತೆ ಮಾತು ಬಿಟ್ಟಿದ್ದ, ಮನೆಗೂ ಹೋಗದೆ ಗರಡಿಯಲ್ಲೇ ಮಲಗುತ್ತಿದ್ದ.

ಗುರುಗಳು ಅವನ ಕತ್ತಿಯನ್ನು ತೆಗೆದು ಪಕ್ಕಕ್ಕಿಟ್ಟರು. “ಪ್ರಶ್ನೆ ಕೇಳುವಾಗ ಕೈಯಲ್ಲಿ ಕತ್ತಿ ಯಾಕೆ? ಕೂತುಕೋ” ಎಂದು ಹೇಳತೊಡಗಿದರು.

ಒಬ್ಬ ಪಾಳೆಯಗಾರನಿದ್ದ. ಧೈರ್ಯಶಾಲಿ, ಆ ಮಾತನ್ನು ಹೆಚ್ಚಾಗಿ ತಾನೇ ಹೇಳಿಕೊಳ್ಳುತ್ತಿದ್ದ. ದಂಡು ನಡೆಯುವುದು ನಗಾರಿಯ ಪೆಟ್ಟಿನ ಮೇಲೆ. ಮುನ್ನುಗ್ಗಲು ಒಂದು ಪೆಟ್ಟು, ಹಿಂದೆ ಸರಿಯಲು ಇನ್ನೊಂದು. ಈ ಎರಡನೆಯದು ತನ್ನ ದಂಡಿಗೆ ಅವಮಾನವೆಂದು ಪಾಳೆಯಗಾರ ಅದನ್ನು ಬಾರಿಸಕೂಡದೆಂದು ಕಟ್ಟಪ್ಪಣೆ ಮಾಡಿದ. ನಗಾರಿಯವರು ಮರೆತರು. ಸೈನಿಕರೂ ಮರೆತರು.

ಒಬ್ಬ ದಳಪತಿ ಮಾತ್ರ ತನ್ನ ತುಕಡಿಗೆ ಆ ಪೆಟ್ಟನ್ನೂ ಅದಕ್ಕೆ ತಕ್ಕಂತೆ ಹಿಂದೆ ಸರಿಯುವುದನ್ನೂ ಕಲಿಸುತ್ತಲೇ ಇದ್ದ. ಮುಖ ಶತ್ರುವಿನ ಕಡೆಗೇ ಇರಬೇಕು, ಗುರಾಣಿಗೆ ಗುರಾಣಿ ತಾಗಿರಬೇಕು, ಪಕ್ಕದವನು ಬಿದ್ದರೆ ಹೆಗಲಿಗೆ ಹಾಕಿಕೊಂಡು ಹಿಂದೆ ಬರಬೇಕು. ಉಳಿದವರು ನಕ್ಕು ನಕ್ಕು ಸುಸ್ತಾದರು. ದೂರು ಪಾಳೆಯಗಾರನ ಕಿವಿಗೆ ಬಿತ್ತು.

“ನನ್ನ ಸೈನಿಕರಿಗೆ ಓಡಿಹೋಗುವುದನ್ನು ಕಲಿಸುತ್ತೀಯಾ?” ಎಂದು ಅವನು ಗುಡುಗಿದ.

“ಓಡುವುದನ್ನು ಯಾರೂ ಕಲಿಸಬೇಕಾಗಿಲ್ಲ, ಒಡೆಯ. ಅದು ಕಾಲಿಗೆ ತಾನಾಗಿಯೇ ಬರುತ್ತದೆ. ಕಲಿಸಬೇಕಾದದ್ದು ಒಟ್ಟಿಗೆ ಮರಳುವುದನ್ನು.”

ಪಾಳೆಯಗಾರನಿಗೆ ಈ ಮಾತು ಹಿಡಿಸಲಿಲ್ಲ. ಆ ತುಕಡಿಯನ್ನು ಸಾಮಾನು ಹೊರುವ ಎತ್ತುಗಳ ಕಾವಲಿಗೆ ಹಾಕಿದ.

ಯುದ್ಧ ಬಂತು. ಶತ್ರುಗಳು ಸೋತವರಂತೆ ನಟಿಸಿ ದಂಡನ್ನು ಕೆರೆಯಂಗಳಕ್ಕೆ ಎಳೆದುಕೊಂಡು ಹೋದರು. ಮೇಲೆ ಒಣನೆಲ, ಒಳಗೆ ಕೆಸರು. ಕಾಲು ಹೂತವು. ಕೆರೆಯ ಏರಿಯ ಮೇಲಿಂದ ಬಾಣಗಳು ಸುರಿದವು. ನಗಾರಿಯವನಿಗೆ ಗೊತ್ತಿದ್ದದ್ದು ಮುನ್ನುಗ್ಗುವ ಪೆಟ್ಟೊಂದೇ. ಪಾಪ, ಅದನ್ನೇ ಬಾರಿಸಿದ. ಹಿಂದಿನವರು ಮುಂದಿನವರನ್ನು ಕೆಸರಿಗೆ ತಳ್ಳಿದರು. ಆಮೇಲೆ ಬಿದ್ದವರನ್ನು ತುಳಿದುಕೊಂಡು ದಿಕ್ಕಾಪಾಲಾದರು.

ಆಗ ಎತ್ತುಗಳ ಸಾಲಿನಿಂದ ಆ ತುಕಡಿ ಓಡಿ ಬಂತು. ಕೆಸರಿನ ಅಂಚಿನಲ್ಲಿ ಗುರಾಣಿ ಹಿಡಿದು ನಿಂತು, ಕೈಗೆ ಸಿಕ್ಕವರನ್ನೆಲ್ಲ ಎಳೆದುಕೊಂಡಿತು. ಎಲ್ಲರೂ ಮರೆತಿದ್ದ ಪೆಟ್ಟನ್ನು ಬಾರಿಸುತ್ತ, ಶತ್ರುವಿಗೆ ಬೆನ್ನು ತೋರಿಸದೆ, ಕೋಟೆಯ ಬಾಗಿಲವರೆಗೆ ಹಿಂದೆ ಸರಿದು ಬಂತು. ಒಬ್ಬನ ಹೆಗಲ ಮೇಲೆ ಪಾಳೆಯಗಾರನೂ ಇದ್ದ. ತೊಡೆಗೆ ಈಟಿ ನಾಟಿತ್ತು. ಎಚ್ಚರವಿದ್ದರೂ ಮರ್ಯಾದೆಗಾಗಿ ಕಣ್ಣು ಮುಚ್ಚಿಕೊಂಡಿದ್ದ.

ಮರುದಿನ ಶತ್ರುಗಳು ಕೋಟೆಗೆ ಮುತ್ತಿಗೆ ಹಾಕಿದರು. ಕೆಸರಿನಿಂದ ಬದುಕಿ ಬಂದವರೇ ಗೋಡೆಯ ಮೇಲೆ ನಿಂತು ಕೋಟೆಯನ್ನು ಉಳಿಸಿದರು.

ಗುರುಗಳು ಕತೆ ನಿಲ್ಲಿಸಿದರು. ಹಾಲಪ್ಪನಿಗೆ ಸಮಾಧಾನವಾಗಲಿಲ್ಲ.

“ಅವರು ಸರಿ, ಗುರುಗಳೇ. ನನ್ನ ಅಣ್ಣ ಓಡಿ ಬಂದನೋ, ಅವರ ಹಾಗೆ ಸರಿದು ಬಂದನೋ, ನನಗೆ ಹೇಗೆ ಗೊತ್ತಾಗಬೇಕು?”

“ಇಷ್ಟು ದಿನ ಮುಖ ತಿರುಗಿಸಿಕೊಂಡಿದ್ದೀಯಲ್ಲ, ಯಾರನ್ನು ಹೊತ್ತುಕೊಂಡು ಬಂದೆ ಅಣ್ಣಾ ಎಂದು ಒಮ್ಮೆಯಾದರೂ ಕೇಳಿದೆಯಾ?”