ಬೀಗರ ಆಟ

“ಗುರುಗಳೇ, ಬೇಕೆಂದೇ ಒಂದು ಆಟ ಸೋತರೆ, ಗೆದ್ದದ್ದರ ನಾಚಿಕೆ ಕಳೆಯುತ್ತದೆಯೇ?” ಎಂದು ಶಿಷ್ಯ ಚನ್ನವೀರ ಕೇಳಿದ.

ಹಿಂದಿನ ದಿನ ಮಠಕ್ಕೆ ಬಂದಿದ್ದ ಹಿರಿಯರೊಬ್ಬರು ಹೊತ್ತು ಕಳೆಯಲೆಂದು ಅವನನ್ನು ಚದುರಂಗಕ್ಕೆ ಕರೆದಿದ್ದರು. ಚನ್ನವೀರ ಎಲ್ಲರೆದುರು ಅವರ ರಾಜನನ್ನು ನಾಲ್ಕು ಮಾತಾಡುವಷ್ಟರಲ್ಲಿ ಕಟ್ಟಿಹಾಕಿದ್ದ. ಸುತ್ತ ನಿಂತವರು ನಕ್ಕಿದ್ದರು. ಹಿರಿಯರು ಆಮೇಲೆ ಊಟದ ಪಂಕ್ತಿಗೂ ಬಂದಿರಲಿಲ್ಲ.

ಗುರುಗಳು “ಕೂತುಕೋ” ಎಂದು ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಆಟ ಶುರುವಾಗುತ್ತಲೇ ರಾಜನ ಪಕ್ಕದ ಕಾಲಾಳನ್ನು ಎದುರಾಳಿಯ ಬಾಯಿಗೆ ಒಡ್ಡುವುದು ಅವನ ಪಟ್ಟು. ಪುಕ್ಕಟೆ ಸಿಕ್ಕಿತೆಂದು ಎದುರಾಳಿ ಅದನ್ನು ತಿಂದರೆ ಕೆಟ್ಟ. ಅಲ್ಲಿಂದ ಮುಂದೆ ವರ್ತಕ ಉಸಿರಾಡಲೂ ಬಿಡುತ್ತಿರಲಿಲ್ಲ. ತನ್ನ ಕುದುರೆ ಹೋದರೆ ಹೋಗಲಿ, ಆನೆ ಹೋದರೆ ಹೋಗಲಿ, ಅವನ ಕಣ್ಣೆಲ್ಲ ಎದುರಾಳಿಯ ರಾಜನ ಮೇಲೆ. ಊರಿನವರು ಒಬ್ಬೊಬ್ಬರಾಗಿ ಅವನೊಡನೆ ಆಡುವುದನ್ನೇ ಬಿಟ್ಟರು. ಅದನ್ನೂ ಅವನು ಗೆಲುವೆಂದೇ ಎಣಿಸಿದ. ಇಂಥವರಿಗೆ ಎಲ್ಲವೂ ಗೆಲುವೇ.

ಆ ಸೀಮೆಯಲ್ಲಿ ಮದುವೆಯ ಹಿಂದಿನ ದಿನ ಬೀಗರಿಬ್ಬರೂ ಚಪ್ಪರದಲ್ಲಿ ಚದುರಂಗಕ್ಕೆ ಕೂರುವ ಪದ್ಧತಿಯಿತ್ತು. ಎರಡೂ ಮನೆಯವರು ಸುತ್ತ ಕುಳಿತು ಬೀಗರನ್ನು ಕಿಚಾಯಿಸುತ್ತಿದ್ದರು. ಹೆಂಗಸರು ಪಾನಕ ತಂದೊಡನೆ ಆಟವನ್ನು ಅಲ್ಲಿಗೇ ನಿಲ್ಲಿಸಿ ಇಬ್ಬರೂ ಏಳುತ್ತಿದ್ದರು. ಗೆದ್ದವರಿಲ್ಲ, ಸೋತವರಿಲ್ಲ. ಇದು ಮಕ್ಕಳಿಗೂ ಗೊತ್ತಿತ್ತು.

ವರ್ತಕನ ಮಗಳ ಮದುವೆ ಬಂತು. ಗಂಡಿನ ತಂದೆ ನಗುತ್ತಾ ಎದುರು ಕುಳಿತ. ವರ್ತಕ ಕಾಲಾಳನ್ನು ಒಡ್ಡಿದ. ಬೀಗರು ಕೊಟ್ಟದ್ದನ್ನು ಬೇಡವೆನ್ನಬಾರದೆಂದು ಆತ ಅದನ್ನು ತಿಂದ. ಅಷ್ಟೇ, ಎದುರಿಗೆ ಕುಳಿತವನು ಯಾರೆಂಬುದು ವರ್ತಕನಿಗೆ ಮರೆತುಹೋಯಿತು. ಕುದುರೆಯನ್ನು ಬಲಿಕೊಟ್ಟ, ಒಂಟೆಯನ್ನು ನುಗ್ಗಿಸಿದ, ಹಿಂದೆಯೇ ಮಂತ್ರಿಯನ್ನು ತಂದ. ಪಾನಕದ ಬೆಲ್ಲ ಕರಗುವ ಮೊದಲೇ ಬೀಗನ ರಾಜನಿಗೆ ಹೋಗಲು ಮನೆ ಉಳಿಯಲಿಲ್ಲ. ಹೆಣ್ಣಿನ ಕಡೆಯ ಹುಡುಗರು ಶಿಳ್ಳೆ ಹಾಕಿದರು. ಬೀಗ ತನ್ನವರ ಮುಖ ನೋಡಲಾರದೆ ಮಣೆಯನ್ನೇ ನೋಡುತ್ತಾ ಕುಳಿತ.

ಮದುವೆಯೇನೋ ನಡೆಯಿತು. ಮೊದಲ ಹಬ್ಬಕ್ಕೆ ಮಗಳು ತವರಿಗೆ ಬಂದಾಗ ವರ್ತಕ ಮೀಸೆ ತಿರುವುತ್ತಾ, “ನನ್ನ ಪಟ್ಟಿಗೆ ನಿಮ್ಮ ಮಾವನವರು ಏನಾದರೂ ಉಪಾಯ ಹುಡುಕಿದರೇನಮ್ಮ?” ಎಂದು ಕೇಳಿದ.

“ಅವರು ಆಡುವುದನ್ನೇ ಬಿಟ್ಟಿದ್ದಾರಪ್ಪ” ಎಂದಳು ಮಗಳು. “ನನಗೆ ಬೇಜಾರಾಗಬಾರದು ಅಂತ ಆ ಮನೆಯಲ್ಲಿ ಯಾರೂ ನನ್ನೆದುರು ಚದುರಂಗದ ಸುದ್ದಿ ಎತ್ತುವುದಿಲ್ಲ. ಒಂದು ಸಲ ಬೈದುಬಿಟ್ಟಿದ್ದರೆ ನಾನು ತಲೆಯೆತ್ತಿ ಓಡಾಡುತ್ತಿದ್ದೆ.”

ವರ್ತಕನಿಗೆ ಆಗ ನಾಚಿಕೆಯಾಯಿತು. ತನ್ನ ಗೆಲುವಿಗೆ ಮಗಳು ತಲೆ ತಗ್ಗಿಸಿ ಬಾಳುತ್ತಿದ್ದಾಳೆಂಬುದು ಅವನಿಗೆ ಹೊಳೆದೇ ಇರಲಿಲ್ಲ. ಹಬ್ಬ ಮುಗಿಯುತ್ತಲೇ ಅವಳನ್ನು ಕರೆದುಕೊಂಡು ಬೀಗನ ಮನೆಗೆ ಹೋದ. ಒಂದು ಆಟ ಸೋತುಬಿಟ್ಟರೆ ಎಲ್ಲ ಸರಿಹೋಗುತ್ತದೆಂದು ದಾರಿಯುದ್ದಕ್ಕೂ ಯೋಚಿಸಿದ್ದ. ಆಡೋಣವೆಂದು ಕೇಳಿದಾಗ ಬೀಗ ಮೊದಲು ಹಿಂಜರಿದ. ಆಮೇಲೆ ಅಟ್ಟದಿಂದ ಮಣೆ ಇಳಿಸಿ, ಧೂಳು ಒರೆಸಿ, ಆಸೆಯಿಂದಲೇ ಕಾಯಿ ಹೂಡಿದ.

ವರ್ತಕ ಈ ಸಲವೂ ಕಾಲಾಳನ್ನು ಕೊಟ್ಟ. ಕುದುರೆಯನ್ನೂ ಕೊಟ್ಟ. ಆದರೆ ಹಿಂದೆ ಯಾವ ದಾಳಿಯೂ ಬರಲಿಲ್ಲ. ಅವನು ಮಂತ್ರಿಯನ್ನೂ ಬಾಯಿಗೆ ಒಡ್ಡಿದಾಗ ಬೀಗ ಕೈ ಹಿಂದಕ್ಕೆ ತೆಗೆದುಕೊಂಡ.

“ಬೀಗರೇ, ಅವತ್ತು ನೀವು ಸೋಲಿಸಿದಾಗ ನನ್ನ ಆಟವೇ ಕಡಿಮೆಯಾಯಿತು ಅಂತ ಸುಮ್ಮನಾದೆ. ಇವತ್ತು ನನ್ನನ್ನು ಮಗು ಮಾಡಿ ಆಡಿಸಲು ಬಂದಿದ್ದೀರಿ” ಎಂದು ಕಾಯಿಗಳನ್ನು ಚೀಲಕ್ಕೆ ತುಂಬಿ ಒಳಗೆ ಹೋದ. ಬಾಗಿಲಲ್ಲಿ ನಿಂತಿದ್ದ ಮಗಳು ತಂದೆಯತ್ತ ನೋಡಲಿಲ್ಲ. ಖಾಲಿ ಮಣೆಯ ಮುಂದೆ ಕುಳಿತ ವರ್ತಕನಿಗೆ ಏಳುವುದಕ್ಕೂ ಮುಖವಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರ “ಹಾಗಾದರೆ ಆ ವರ್ತಕ ಏನು ಮಾಡಬೇಕಿತ್ತು ಗುರುಗಳೇ?” ಎಂದ.

“ತಪ್ಪಾಯಿತು ಎನ್ನುವುದಕ್ಕೂ ಅವನಿಗೆ ಒಂದು ಆಟ ಬೇಕಾಯಿತೇ?” ಎಂದರು ಗುರುಗಳು.