ಅಂಗಳದಲ್ಲಿ ಹೇಳಿಸಿದ ಮನೆತನ

“ಗುರುಗಳೇ, ಯಾವನೋ ಪಕ್ಕದ ಊರಿನಲ್ಲಿ ನನ್ನ ಹೆಸರು ಹೇಳಿಕೊಂಡು ಮಠದ ಭಿಕ್ಷೆ ಎತ್ತಿದ್ದಾನೆ. ಈಗ ಅಲ್ಲಿಗೆ ನಾನು ಹೋದರೆ ನಾನೇ ಮೋಸಗಾರನೆಂದು ಜನ ಹೊಡೆಯಲು ಬರುತ್ತಾರೆ. ನನ್ನ ಜೋಳಿಗೆ ನನ್ನ ಹೆಗಲಲ್ಲೇ ಇದೆ. ಹಾಗಾದರೆ ಅವನು ಕದ್ದದ್ದು ಏನನ್ನು?” ಎಂದು ಶಿಷ್ಯ ಕೇಳಿದ.

ಗುರುಗಳು ದಣಿದಿದ್ದರು. “ಅಯ್ಯೋ, ಇದನ್ನು ಇನ್ನೆಷ್ಟು ಜನಕ್ಕೆ ಹೇಳಲಪ್ಪ! ಕೂತುಕೋ,” ಎಂದು ಶುರು ಮಾಡಿದರು.

ಒಬ್ಬ ರೈತನಿದ್ದ. ಮನೆತನದ ಮೇಲೆ ಅವನಿಗೆ ಬಲು ಅಭಿಮಾನ. ಸುಗ್ಗಿ ಮುಗಿದ ಮೇಲೆ ಹೆಳವ ಎತ್ತಿನ ಮೇಲೆ ಬಂದು ಮನೆಯ ಹಿರಿಯರ ಹೆಸರುಗಳನ್ನು ಹೇಳುತ್ತಾನಲ್ಲ, ಅದನ್ನು ಮನೆಯವರು ಕೇಳಿದರೆ ಸಾಕು. ಇವನಿಗೆ ಸಾಲದು. ದಾರಿಯಲ್ಲಿ ಹೋಗುವವರನ್ನೂ ಕರೆದು ಅಂಗಳದಲ್ಲಿ ಕೂರಿಸಿ, “ಇನ್ನೊಮ್ಮೆ ಹೇಳು, ಗಟ್ಟಿಯಾಗಿ ಹೇಳು” ಎನ್ನುತ್ತಿದ್ದ. ಕುಲದ ಬೆಡಗು ಯಾವುದು, ಮನೆದೇವರು ಯಾವುದು, ಅಜ್ಜ ಯಾವ ಊರಿನಿಂದ ಬಂದ, ಅಪ್ಪನ ಕಾಲು ಹೇಗೆ ಮುರಿಯಿತು, ಎಲ್ಲವೂ ಬರಬೇಕು. ಹೆಳವ ಬಿಟ್ಟದ್ದನ್ನು ತಾನೇ ಸೇರಿಸುತ್ತಿದ್ದ. ಮಗಳನ್ನು ಯಾವ ಊರಿನ ಯಾರ ಮನೆಗೆ ಕೊಡಲು ಮಾತಾಗಿದೆ ಎಂಬುದನ್ನೂ ಸೇರಿಸಿದ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಕೂತವರಲ್ಲಿ ಒಬ್ಬ ಅಪರಿಚಿತನಿದ್ದ. ಅವನು ಏನನ್ನೂ ಮುಟ್ಟಲಿಲ್ಲ. ಮಜ್ಜಿಗೆ ಕುಡಿದ, ಕೇಳಿಸಿಕೊಂಡ, ಎದ್ದು ಹೋದ.

ಹೋದದ್ದು ನೇರವಾಗಿ ಆ ಬೀಗರ ಮನೆಗೆ. “ನಾನೇ ಹೆಣ್ಣಿನ ತಂದೆ” ಎಂದ. ಅವರು ರೈತನ ಮುಖ ಕಂಡವರಲ್ಲ. ಸಂಬಂಧ ಕುದುರಿಸಿದ ಮುದುಕ ಯಾತ್ರೆಗೆ ಹೋಗಿದ್ದ. ಬಂದವನು ಮನೆದೇವರಿಂದ ಹಿಡಿದು ಮುರಿದ ಕಾಲಿನವರೆಗೆ ಒಂದೂ ತಪ್ಪದೆ ಹೇಳಿದ. ಆಮೇಲೆ, ತನ್ನ ಎತ್ತು ಸತ್ತಿದೆ, ಉಳುಮೆ ನಿಂತಿದೆ, ಈಗಲೇ ನಿಮ್ಮ ಜೋಡೆತ್ತು ಬೇಕು ಎಂದ. ಅವಸರ ಮಾಡುವವನನ್ನು ಕಂಡರೆ ನಾವು ನಿಧಾನ ಮಾಡಬೇಕು. ಮುದುಕ ಬರುವವರೆಗೆ ಕಾಯಬಹುದಿತ್ತು. ಬೀಗರನ್ನು ಪರೀಕ್ಷಿಸುವುದು ಮರ್ಯಾದೆಯಲ್ಲ ಎಂದುಕೊಂಡರು. ಎತ್ತು ಹೋದವು.

ಕೆಲವು ದಿನಗಳ ಮೇಲೆ ನಿಜವಾದ ತಂದೆ ಮದುವೆ ನಿಶ್ಚಯದ ವೀಳ್ಯದ ಮಾತಿಗೆಂದು ಹೋದ. ಯಾವನೋ ಮೋಸಗಾರನೆಂದು ಅವನನ್ನು ಹಿಡಿದು ಕಂಬಕ್ಕೆ ಕಟ್ಟಿದರು. ಊರೆಲ್ಲ ಬಂದು ನೋಡಿತು. ಅವನು ಬೆಡಗು ಹೇಳಿದ, ಮನೆದೇವರನ್ನು ಹೇಳಿದ, ಅಜ್ಜನ ಊರು ಹೇಳಿದ.

“ಇದನ್ನೆಲ್ಲ ನಮ್ಮ ಬೀಗರು ಹೇಳಿ ಹೋಗಿಯಾಗಿದೆ. ಅವರು ಹೇಳದ ಒಂದು ಮಾತಿದ್ದರೆ ಹೇಳು, ಬಿಡುತ್ತೇವೆ” ಎಂದರು.

ರೈತ ಯೋಚಿಸಿದ. ಅಂಗಳದಲ್ಲಿ ಹೇಳಿಸದೆ ಉಳಿದ ಮಾತು ಒಂದೂ ನೆನಪಾಗಲಿಲ್ಲ. ಕಟ್ಟಿದ ಕೈಯಲ್ಲೇ ನಿಂತು ಅತ್ತ.

ಮರುದಿನ ಮುದುಕ ಬಂದ. “ಅಯ್ಯೋ ಪಾಪಿಗಳಾ, ಹೆಣ್ಣಿನ ತಂದೆ ಇವರೇ ಕಣ್ರೋ!” ಎಂದು ಹಣೆ ಚಚ್ಚಿಕೊಂಡ. ಹಗ್ಗ ಬಿಚ್ಚಿದರು, ಕಾಲಿಗೆ ಬಿದ್ದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಕಟ್ಟಿದ್ದನ್ನು ನೋಡಲು ಬಂದ ಜನ ಬಿಚ್ಚುವುದನ್ನು ನೋಡಲು ಬರಲಿಲ್ಲ. ಸಂತೆಯಲ್ಲೆಲ್ಲ ಅವನು ಎತ್ತಿನ ಕಳ್ಳನಾದ. ತಪ್ಪು ನಿಮ್ಮದಲ್ಲ, ಆದರೆ ಊರ ಬಾಯಿ ಮುಚ್ಚಲು ನಮ್ಮಿಂದಾಗದು ಎಂದು ಬೀಗರು ಸಂಬಂಧ ಬಿಟ್ಟರು. ಮಗಳು ಮದುವೆಗೆಂದು ತಂದ ಸೀರೆಯನ್ನು ಮಡಚಿ ಪೆಟ್ಟಿಗೆಯ ತಳಕ್ಕಿಟ್ಟಳು. ಅದನ್ನು ಅವನಿಗೆ ತಡೆದುಕೊಳ್ಳಲು ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಕಣ್ಣು ಮುಚ್ಚಿದರು. ಅಷ್ಟು ಹೊತ್ತಿಗೆ ಮಠದ ಜಗಲಿಯ ತುಂಬ ಹಾದಿಹೋಕರು ಸೇರಿದ್ದರು.

ಶಿಷ್ಯ ಎದೆ ಮುಟ್ಟಿಕೊಂಡು, “ಪಾಪ ಆ ರೈತ! ನಾನು ಅಷ್ಟು ದಡ್ಡನಲ್ಲ ಗುರುಗಳೇ. ನನ್ನ ಮನೆದೇವರು ಬೀರಪ್ಪ, ತೊಟ್ಟಿಲ ಹೆಸರು ಮಾಳಿಂಗ, ಬೆನ್ನಿನ ಮೇಲೆ ಅವ್ವನಿಗೆ ಮಾತ್ರ ಗೊತ್ತಿರುವ ಮಚ್ಚೆ. ಇದನ್ನು ನಾನು ಒಬ್ಬರಿಗೂ ಹೇಳಿದವನಲ್ಲ,” ಎಂದ.

ಗುರುಗಳು ಕಣ್ಣು ತೆರೆಯದೆಯೇ ಅಂದರು, “ಇಷ್ಟು ಜನರೆದುರು ಹೇಳು ಎಂದು ನಾನು ಕೇಳಿದೆನೇನಪ್ಪ?”